ಬನ್ನಿ ಮುಡಿದ ಮರುದಿನ ಸೋಲಿನ ಹಬ್ಬ

ಜೇವರ್ಗಿ ತಾಲ್ಲೂಕಿನ ನೆಲೋಗಿಯ ಬಸ್ ನಿಲ್ದಾಣದಿಂದ ಪಂಚಾಯಿತಿ ಕಡೆಗೆ ಹೊರಳುವ ತಿರುವಿನಲ್ಲಿ ಗಂಗಾಬಾಯಿಯ ವೆಲ್ಡಿಂಗ್ ಅಂಗಡಿ ಇದೆ. ಅಂಗಡಿ ಹಾಕಿದ್ದು ಅವಳ ಗಂಡ ಶಂಕರಲಿಂಗ. ಕಪ್ಪು ಕನ್ನಡಕವಿಲ್ಲದೆ ವರ್ಷಗಟ್ಟಲೆ ಕಿಡಿ ನೋಡಿ ನೋಡಿ ಅವನ ಕಣ್ಣು ಕೆಟ್ಟವು. ಇನ್ನು ವೆಲ್ಡಿಂಗ್ ರಾಡು ಹಿಡಿಯಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಅಂಗಡಿ ಮುಚ್ಚುವ ಮಾತು ಬಂತು. ಆ ದಿನ ಗಂಗಾಬಾಯಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಬಂದು, "ನೀವು ಕುಂತು ಹೇಳ್ರಿ, ನಾ ಮಾಡ್ತೇನಿ" ಎಂದಳು. ಅದಾಗಿ ಹನ್ನೊಂದು ವರ್ಷ. ಊರಿನ ಅರ್ಧ ಮನೆಗಳ ಕಿಟಕಿ ಸರಳು, ಗೇಟು ಈಗ ಅವಳ ಕೈಯವೇ.

ಗೇಟು, ಕಿಟಕಿಗಳಿಗಷ್ಟೇ ಅವಳ ಮನಸ್ಸು ನಿಲ್ಲುತ್ತಿರಲಿಲ್ಲ. ಕಬ್ಬಿಣದ ತುಂಡು ಉಳಿದರೆ ಸಾಕು, ಅದರಿಂದ ಏನಾದರೂ ಹೊಸದು ಮಾಡಬೇಕೆಂಬ ಚಡಪಡಿಕೆ. ಒಮ್ಮೆ ಜೋಳದ ರೊಟ್ಟಿ ಒತ್ತುವ ಯಂತ್ರ ಮಾಡಿದಳು. ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತಿದರೆ ರೊಟ್ಟಿ ಬೇಸಿಗೆಯ ಎರೆಹೊಲದಂತೆ ಬಿರಿದುಕೊಳ್ಳುತ್ತಿತ್ತು. ಇನ್ನೊಮ್ಮೆ ಹೊಲದ ಹಕ್ಕಿ ಓಡಿಸಲು ಗಾಳಿಗೆ ಡಬ್ಬಿ ಬಡಿಯುವ ಚಕ್ರ ನಿಲ್ಲಿಸಿದಳು. ಎರಡು ದಿನ ಹೆದರಿದ ಹಕ್ಕಿಗಳು ಮೂರನೆಯ ದಿನ ಅದರ ಮೇಲೆಯೇ ಕೂತವು.

ಮೂರನೆಯದೇ ಅವಳ ಮಾನ ಕಳೆದದ್ದು. ಕಳೆ ತೆಗೆಯುವ ಹೆಂಗಸರು ದಿನವಿಡೀ ಕುಕ್ಕರಗಾಲಲ್ಲಿ ಸರಿಯುತ್ತಾರೆ. ಆಳಂದ ತಾಲ್ಲೂಕಿನ ಹಿರೋಳ್ಳಿಯ ತವರಿನಲ್ಲಿ ಅವಳೂ ಹಾಗೆ ಸರಿದವಳೇ. ಮೊಣಕಾಲ ನೋವು ಅವಳಿಗೆ ಗೊತ್ತು. ಅದಕ್ಕೆಂದೇ ನೆಲದಿಂದ ಒಂದೇ ಗೇಣು ಎತ್ತರದ, ನಾಲ್ಕು ಬೇರಿಂಗ್ ಗಾಲಿಯ ಪುಟ್ಟ ಗಾಡಿ ಮಾಡಿದಳು. ಕೂತುಕೊಂಡೇ ಕಳೆ ತೆಗೆಯುತ್ತ ಮುಂದೆ ಹೋಗಬಹುದು ಎಂಬುದು ಲೆಕ್ಕಾಚಾರ. ಪರೀಕ್ಷೆಗೆ ದಶರಥನ ತೊಗರಿ ಹೊಲ ಆರಿಸಿದಳು. ಹಿಂದಿನ ದಿನ ಮಳೆಯಾಗಿತ್ತು. ಗಾಡಿ ಎರಡು ಮಾರು ಹೋಗಿ ಎರೆಮಣ್ಣಿನಲ್ಲಿ ಹೂತುಕೊಂಡಿತು. ಅದರ ಮೇಲೆ ಕೂತಿದ್ದ ಗಂಗಾಬಾಯಿಯನ್ನು ನಾಲ್ಕು ಜನ ಹೆಂಗಸರು ತೋಳು ಹಿಡಿದು ಎಳೆಯಬೇಕಾಯಿತು. ಕಿರಾಣಿ ಅಂಗಡಿಯೂ ಇದ್ದ ದಶರಥ ಬಂದ ಗಿರಾಕಿಗಳಿಗೆಲ್ಲ ಆ ಕಥೆ ಹೇಳಿದ. ಗಾಡಿಗೆ "ಗಂಗಾಬಾಯಿ ವಿಮಾನ" ಎಂದು ಹೆಸರೂ ಇಟ್ಟ. ಅವಳು ಅದನ್ನು ಅಂಗಡಿಯ ಹಿಂದಿನ ಗೋಡೆಗೆ ಬೋರಲು ಹಾಕಿ, ಮೇಲೆ ಗೋಣಿತಟ್ಟು ಹೊದಿಸಿದಳು.

ಇದಾದ ಎರಡನೆಯ ವರ್ಷ, ಅಕ್ಟೋಬರ್ ತಿಂಗಳ ಮೊದಲ ವಾರ, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಫರಹತ ಅಂಗಡಿಗೆ ಬಂದಳು. ಕೈಯಲ್ಲೊಂದು ಕಾಗದ. ಗ್ರಂಥಾಲಯಕ್ಕೆ ಜನ ಬರಲೆಂದು ಅವಳು ಜಗತ್ತಿನಲ್ಲಿ ಎಲ್ಲೆಲ್ಲೋ ಆಚರಿಸುವ, ನಮ್ಮ ಕಡೆ ಯಾರೂ ಕೇಳಿರದ ದಿನಗಳನ್ನೆಲ್ಲ ಪಟ್ಟಿ ಮಾಡಿದ್ದಳು. ಒಂದನೆಯ ತಾರೀಖು ಅಂಚೆಕಾರ್ಡಿನ ದಿನ. ಮೊದಲ ಶುಕ್ರವಾರ ಮುಗುಳ್ನಗೆಯ ದಿನ. ಹದಿನೈದು ಕೈ ತೊಳೆಯುವ ದಿನ. ಇಪ್ಪತ್ತೊಂದು ಸೇಬಿನ ದಿನ. ಅಂಚೆಕಾರ್ಡಿನ ದಿನಕ್ಕೆ ಬಂದವರು ಇಬ್ಬರು. ಅವರಲ್ಲಿ ಒಬ್ಬರು ಅಂಚೆಯಣ್ಣ.

"ಗಂಗಕ್ಕಾ, ಹದಿಮೂರಕ್ಕ ಏನದ ನೋಡ್ರಿ," ಎಂದು ಫರಹತ ಕಾಗದ ಮುಂದೆ ಹಿಡಿದಳು. "ಸೋಲಿನ ದಿನ. ಫಿನ್ಲೆಂಡ್ ಅಂತ ಒಂದು ದೇಶ, ಅಲ್ಲೆ ಶುರು ಆಗೇದ. ಸೋತಿದ್ದನ್ನ ಮುಚ್ಚಿಡದಽ ಎಲ್ಲಾರ ಮುಂದ ಹೇಳ್ಕೊಳ್ಳೋದು. ನಿಮ್ಮ ರೊಟ್ಟಿ ಯಂತ್ರ, ಹಕ್ಕಿ ಚಕ್ರ, ಆ ಗಾಡಿ, ಎಲ್ಲಾ ತಂದು ಇಡ್ರಿ."

ಗಂಗಾಬಾಯಿ ಕಣ್ಣಿನ ಕಪ್ಪು ಗಾಜು ಮೇಲಕ್ಕೆತ್ತಿದಳು. "ಮಂದಿ ಒಂದು ಸಲ ನಕ್ಕಿದ್ದು ಸಾಲಲಿಲ್ಲೇನು? ಪೆಂಡಾಲ ಹಾಕಿ ನಗಸ್ತೀಯೇನು?"

"ನಾ ಮೊದಲು ನಂದು ಹೇಳ್ತೇನಿ," ಎಂದಳು ಫರಹತ. "ಪೊಲೀಸ್ ಭರ್ತಿಗೆ ಮೂರು ಸಲ ಹೋದೆ. ಮೂರು ಸಲಾನೂ ಓಟದಾಗ ಬಿದ್ದೆ. ಒಂದು ಸಲ ಅಂತೂ ಶುರುವಾಗೋ ಗೆರಿ ಮ್ಯಾಲೇ ಬಿದ್ದೆ. ನಮ್ಮ ಅಮ್ಮೀಗೆ ಇವತ್ತಿನ ತನಕ ಹೇಳಿಲ್ಲ."

ಒಳಗೆ ಕೂತಿದ್ದ ಶಂಕರಲಿಂಗ ನಕ್ಕುಬಿಟ್ಟ. ಆಮೇಲೆ ಹೆಂಡತಿಗೆ, "ಇಟ್ಟರ ಏನು ಹೋಗ್ತದ? ತಟ್ಟು ಹೊದಿಸಿದ್ರ ಊರು ಮರೆತೈತೇನು?" ಎಂದ. ಗಂಗಾಬಾಯಿ ಕಪ್ಪು ಗಾಜು ಇಳಿಸಿ ಮತ್ತೆ ಕಿಡಿ ಹೊತ್ತಿಸಿದಳು. ಒಲ್ಲೆ ಅನ್ನಲಿಲ್ಲವಲ್ಲ, ಫರಹತಳಿಗೆ ಅಷ್ಟೇ ಬೇಕಿತ್ತು.

ಆ ವರ್ಷ ಬನ್ನಿ ಮುಡಿದ ಮರುದಿನವೇ ಹದಿಮೂರು, ಅದೂ ಭಾನುವಾರ. ವಿಜಯದಶಮಿ ಮುಗಿದು ಒಂದೇ ದಿನಕ್ಕೆ ಸೋಲಿನ ಹಬ್ಬವಂತೆ ಎಂಬ ಸುದ್ದಿಗೇ ಊರು ಕುತೂಹಲದಿಂದ ಎದ್ದು ಬಂತು. ಗ್ರಂಥಾಲಯದ ಫರಶಿ ಕಲ್ಲು ಹಾಸಿದ ಕೋಣೆ ತುಂಬಿ, ಕಿಟಕಿಯ ಹೊರಗೂ ಜನ. ಫರಹತ ತನ್ನ ಓಟದ ಕಥೆ ಹೇಳಿದಾಗ ಅವಳ ತಾಯಿಯೇ ಮೊದಲ ಸಾಲಿನಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಳೆ ತೆಗೆಯುವ ಕೂಲಿ ಗುಂಪಿನ ಮಾಣಿಕಮ್ಮ, ತಾನು ಮೂರು ವರ್ಷ ಹೊಲಿಗೆ ಕಲಿತು ಮೊದಲ ಕುಪ್ಪಸಕ್ಕೆ ಎರಡೂ ತೋಳು ಒಂದೇ ಕಡೆ ಹಚ್ಚಿದ್ದನ್ನು ಹೇಳಿದಳು. ಕೊನೆಗೆ ದಶರಥನನ್ನೂ ಜನ ಬಿಡಲಿಲ್ಲ. ಅವನು ಕೆಮ್ಮಿ, ತಲೆ ಕೆರೆದು, ತಾನು ಕೃಷಿ ಹೊಂಡದಲ್ಲಿ ಮೀನು ಸಾಕಿದ್ದನ್ನೂ, ಅವು ಒಂದೂ ಬಿಡದೆ ಕೊಕ್ಕರೆಗಳ ಪಾಲಾದದ್ದನ್ನೂ ಒಪ್ಪಿಕೊಂಡ.

ಗಂಗಾಬಾಯಿ ಎದ್ದು ನಿಂತು ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಆದರೆ ರೊಟ್ಟಿ ಯಂತ್ರದ ಹಿಡಿಕೆ ಒತ್ತಿ ತೋರಿಸುತ್ತಿದ್ದಂತೆ ಅವಳಿಗೇ ನಗು ಬಂತು. ಗಾಡಿಯ ಕಥೆಗೆ ಬರುವಷ್ಟರಲ್ಲಿ, ತನ್ನನ್ನು ಎಳೆದ ನಾಲ್ಕು ಹೆಂಗಸರ ಹೆಸರು ಹಿಡಿದು ಕರೆದು, "ನೀವಽ ಸಾಕ್ಷಿ, ಎದ್ದು ನಿಂದ್ರಿ" ಎಂದಳು. ಇಡೀ ಕೋಣೆ ನಕ್ಕಿತು. ಆ ನಗೆಯಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ.

ನಗು ಇನ್ನೂ ನಿಂತಿರಲಿಲ್ಲ, ಬಾಗಿಲ ಹತ್ತಿರ ಕೂತಿದ್ದ ನಿಂಬೆವ್ವ ಕೈಯೂರಿ ಸರಿಯುತ್ತ ಮುಂದೆ ಬಂದಳು. ಮೂವತ್ತನಾಲ್ಕರ ಹೆಂಗಸು. ಚಿಕ್ಕಂದಿನಲ್ಲೇ ಪೋಲಿಯೊ ಬಡಿದು ಎರಡೂ ಕಾಲಿನ ಬಲ ಹೋಗಿತ್ತು. ಅಣ್ಣ ಬೀರಣ್ಣನ ಮನೆಯಲ್ಲಿ ಇರುತ್ತಿದ್ದಳು. ಅವಳು ತಟ್ಟುವ ಜೋಳದ ರೊಟ್ಟಿಯ ಹದ ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಎಲ್ಲಿಗೆ ಹೋಗಬೇಕಾದರೂ ಅಣ್ಣನ ಬೈಕಿಗೆ ಕಾಯಬೇಕು. ಅವನು ಎತ್ತಿ ಕೂರಿಸಬೇಕು, ಇಳಿಸಬೇಕು.

ನಿಂಬೆವ್ವ ಯಾರನ್ನೂ ಕೇಳಲಿಲ್ಲ. ನಡುವೆ ತಂದಿಟ್ಟಿದ್ದ ಗಾಡಿಯ ಪಟ್ಟಿಗೆ ಕೈ ಹಚ್ಚಿ, ಮೈ ಎತ್ತಿ ಕೂತಳು. ಒಂದು ಗೇಣಿನ ಎತ್ತರವಾದ್ದರಿಂದ ಯಾರ ಆಸರೆಯೂ ಬೇಕಾಗಲಿಲ್ಲ. ಎರಡೂ ಕೈಯಿಂದ ನೆಲ ಒತ್ತಿದಳು. ಎರೆಮಣ್ಣಿನಲ್ಲಿ ಹೂತಿದ್ದ ಬೇರಿಂಗ್ ಗಾಲಿ ಫರಶಿಯ ಮೇಲೆ ಸರ್ರನೆ ಓಡಿತು. ಜನ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು. ಅವಳು ಈ ಗೋಡೆಯಿಂದ ಆ ಗೋಡೆಗೆ ಹೋದಳು. ತಿರುಗಿಸಿಕೊಂಡು ಮತ್ತೆ ಬಂದಳು.

ಗಂಗಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಲೇ ಇದ್ದಳು. ಇಷ್ಟು ದಿನ ಗೋಡೆಗೆ ಬೋರಲು ಬಿದ್ದದ್ದು ಇದೇನಾ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

"ನಿಂಬಿ, ಸರಕಾರದವರು ಕೊಟ್ಟ ಗಾಲಿ ಖುರ್ಚಿ ಮನ್ಯಾಗ ಅದ ಅಲ್ಲ ಬೇ?" ಎಂದು ಯಾರೋ ಕೇಳಿದರು.

"ಅದರ ಮ್ಯಾಲ ಅರಿವಿ ಒಣಗಾಕತ್ತಾವ," ಎಂದಳು ನಿಂಬೆವ್ವ. "ಅದರಾಗ ಕುಂತ್ರ ಒಲಿ ಪಾತಾಳದಾಗ ಇರ್ತದ. ಹತ್ತಾಕೊಬ್ರು ಬೇಕು, ಇಳಿಯಾಕೊಬ್ರು ಬೇಕು. ನಮ್ಮ ಕೆಲಸ ಎಲ್ಲಾ ನೆಲದ ಮ್ಯಾಲ." ಆಮೇಲೆ ಗಂಗಾಬಾಯಿಯ ಕಡೆ ತಿರುಗಿ, "ಯಕ್ಕಾ, ಇದು ನನಗ ಬೇಕು. ಆದ್ರ ಹಿಂಗ ಅಲ್ಲ. ಗಾಡಿ ಮೂಗು ಉದ್ದ ಆತು, ಕತ್ತರಿಸು. ಕುಂಡ್ರೋ ಪಟ್ಟಿ ಅಗಲ ಆಗಬೇಕು. ನನ್ನ ಕಾಲು ಎಲ್ಲಿಡ್ಲಿ? ಅದಕ್ಕೂ ಜಾಗಾ ಮಾಡು."

ಗಂಗಾಬಾಯಿ ಮರುದಿನ ಬೆಳಿಗ್ಗೆಯೇ ಅಳತೆಪಟ್ಟಿ ಹಿಡಿದು ಬೀರಣ್ಣನ ಮನೆಗೆ ಹೋದಳು. ಅಳತೆಯಿಂದ ತೃಪ್ತಿಯಾಗದೆ ತಾನೂ ನೆಲಕ್ಕೆ ಕೂತು, ಕಾಲು ಮಡಿಚಿ, ಕೈಯ ಬಲದಿಂದಲೇ ಅಂಗಳದಿಂದ ಒಲೆಯವರೆಗೆ ಸರಿದಳು. ಹೊಸ್ತಿಲು ದಾಟುವಷ್ಟರಲ್ಲಿ ತೋಳು ಸೋತು, ಅಂಗೈ ಉರಿಯತೊಡಗಿತು. ನಿಂಬೆವ್ವ ತನ್ನ ಅಂಗೈ ತಿರುಗಿಸಿ ತೋರಿಸಿದಳು. ಅದು ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. "ಬ್ಯಾಸಗ್ಯಾಗ ಸಿಮೆಂಟ್ ರಸ್ತಾದ ಮ್ಯಾಲ ಕೈ ಇಡಾಕ ಬರಂಗಿಲ್ಲ ಯಕ್ಕಾ," ಎಂದಳು. ಗಂಗಾಬಾಯಿ ಆ ಅಂಗೈಯನ್ನು ಸವರಿ ನೋಡಿದಳು. ಹೊಲದಲ್ಲಿ ತಾನು ಸರಿದ ದಿನಗಳಿಗೆ ಸಂಜೆಯೆಂಬುದಿತ್ತು, ಇವಳಿಗೆ ಇಲ್ಲ ಎಂದುಕೊಂಡಳು.

ನಿಂಬೆವ್ವನಿಗೆಂದು ಮಾಡಿದ ಮೊದಲ ಗಾಡಿಗೆ ಬ್ರೇಕು ಇಡುವುದನ್ನು ಗಂಗಾಬಾಯಿ ಮರೆತಿದ್ದಳು. ಪಂಚಾಯಿತಿ ಎದುರಿನ ಇಳಿಜಾರಿನಲ್ಲಿ ಅದು ನಿಂಬೆವ್ವನನ್ನು ಹೊತ್ತು ನೇರವಾಗಿ ದಶರಥನ ಅಂಗಡಿಯ ಉಳ್ಳಾಗಡ್ಡಿ ಚೀಲಗಳಿಗೆ ನುಗ್ಗಿತು. ದಶರಥ ಓಡಿ ಬಂದು ಅವಳನ್ನು ಹಿಡಿದ. "ಏ ಗಂಗಕ್ಕಾ, ವಿಮಾನ ಇಳಿಸೋದು ಮೊದಲು ಕಲಿಸ್ರಿ!" ಎಂದು ಕೂಗಿದ. ಕೂಗಿದವನೇ ತನ್ನ ಹಳೆಯ ಸ್ಕೂಟರಿನ ಬ್ರೇಕು ಹಿಡಿಕೆ ಬಿಚ್ಚಿ ಕಳುಹಿಸಿದ. ಎರಡನೆಯ ಗಾಡಿಯ ಕಬ್ಬಿಣದ ಗಾಲಿಗಳು ರಸ್ತೆಯ ಮೇಲೆ ಗಡಗಡ ಅಂದು ಎಲುಬು ಅಲ್ಲಾಡಿಸಿದವು. ಮೂರನೆಯದಕ್ಕೆ ರಬ್ಬರಿನ ಗಾಲಿ ಬಂದವು. ಅಂಗೈ ಸುಡದಿರಲು ಏನು ಮಾಡುವುದೆಂಬುದನ್ನು ನಿಂಬೆವ್ವನೇ ಹೇಳಿದಳು. ಇಸ್ತ್ರಿ ಪೆಟ್ಟಿಗೆಯಂತೆ ಹಿಡಿಕೆಯಿರುವ ಎರಡು ಮರದ ತುಂಡು, ತಳಕ್ಕೆ ಹಳೆಯ ಟೈರಿನ ಪಟ್ಟಿ. ಅವನ್ನು ಹಿಡಿದು ನೆಲ ಒತ್ತಿದರೆ ಗಾಡಿ ಸಲೀಸಾಗಿ ಹೋಗುತ್ತಿತ್ತು.

ದೀಪಾವಳಿ ಕಳೆದ ಒಂದು ಬೆಳಿಗ್ಗೆ ಗಂಗಾಬಾಯಿ ಅಂಗಡಿಯ ಬಾಗಿಲು ತೆರೆಯುತ್ತಿದ್ದಾಗ ನಿಂಬೆವ್ವ ತಿರುವಿನಲ್ಲಿ ಕಾಣಿಸಿದಳು. ಜೊತೆಗೆ ಅಣ್ಣನಿಲ್ಲ, ಅತ್ತಿಗೆಯೂ ಇಲ್ಲ.

"ಎಲ್ಲಿಗೆ ಹೊಂಟಿ ಬೇ, ಗಿರಣಿಗೇನು?"

"ಎಲ್ಲಿಗೂ ಇಲ್ಲ ಯಕ್ಕಾ. ಸುಮ್ನ ಹೊಂಟೇನಿ."

ಅವಳು ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಗಾಡಿ ನಿಲ್ಲಿಸಿ ಬಸ್ಸು ನೋಡಿ, ಬೇರೆ ಓಣಿಯಿಂದ ಮನೆಗೆ ಹೋದಳು. ಹುಟ್ಟಿದಾಗಿನಿಂದ ಆ ಊರಿನಲ್ಲೇ ಇದ್ದವಳು ಅಂಥ ಓಣಿಯೊಂದಿದೆಯೆಂದು ಕಂಡದ್ದು ಅದೇ ಮೊದಲು. ಗಂಗಾಬಾಯಿ ಒಳಗೆ ಬಂದು ಗಂಡನ ಎದುರು ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕಿಡಿ ಬಿತ್ತೇನು?" ಎಂದ ಶಂಕರಲಿಂಗ. "ಹೂಂ, ಬಿತ್ತು," ಎಂದಳು. ಅವತ್ತು ಅವಳು ಇನ್ನೂ ರಾಡು ಮುಟ್ಟಿರಲಿಲ್ಲ.

ಫರಹತ ತೆಗೆದ ವಿಡಿಯೊ ಫೋನಿನಿಂದ ಫೋನಿಗೆ ಹೋಯಿತು. ಅಫಜಲಪುರದ ಕಡೆಯಿಂದ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಹೊತ್ತು ಬಂದ. ಆಳಂದ ತಾಲ್ಲೂಕಿನ ಜಿಡಗಾದಿಂದ ಬಂದ ಮುದುಕಿ ತನಗೆ ಕೋಳಿ ಅಟ್ಟಲು ಜೋರಾಗಿ ಓಡುವ ಗಾಡಿ ಬೇಕೆಂದಳು. ಗಂಗಾಬಾಯಿ ಒಂದೇ ಅಳತೆಯಲ್ಲಿ ಎರಡು ಗಾಡಿ ಮಾಡಲಿಲ್ಲ. ಪ್ರತಿಯೊಬ್ಬರ ಮನೆಯ ಹೊಸ್ತಿಲು, ಒಲೆ, ಅಂಗಳ ಕೇಳಿ ತಿಳಿದುಕೊಂಡೇ ಕಬ್ಬಿಣ ಕತ್ತರಿಸುತ್ತಿದ್ದಳು. ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವವಳು ನಿಂಬೆವ್ವ. ಅವಳ ಬಾಯಿಗೆ ಗಂಗಾಬಾಯಿಯೂ ಹೆದರುತ್ತಿದ್ದಳು.

ಮುಂದಿನ ವರ್ಷದ ಅಕ್ಟೋಬರ್ ಹದಿಮೂರಕ್ಕೆ ಫರಹತ ಯಾರನ್ನೂ ಕರೆಯಬೇಕಾಗಲಿಲ್ಲ. ಮೂರು ತಾಲ್ಲೂಕುಗಳಿಂದ ಒಂಬತ್ತು ಗಾಡಿಗಳು ಟೆಂಪೊದಲ್ಲಿ, ಜೀಪಿನಲ್ಲಿ ನೆಲೋಗಿಗೆ ಬಂದಿಳಿದವು. ಗ್ರಂಥಾಲಯದಲ್ಲಿ ಸೋಲಿನ ಕಥೆಗಳೆಲ್ಲ ಮುಗಿದ ಮೇಲೆ, ಯಾರು ಮೊದಲು ಅಂದರೋ ಗೊತ್ತಿಲ್ಲ, ನಿಂಬೆವ್ವನದೂ ಸೇರಿ ಹತ್ತೂ ಗಾಡಿ ಸಿಮೆಂಟ್ ರಸ್ತೆಗೆ ಇಳಿದವು. ಮುಂದೆ ನಿಂಬೆವ್ವ. ಅವಳ ಬೆನ್ನಿಗೆ ಜಿಡಗಾದ ಮುದುಕಿ. ಅಫಜಲಪುರದ ಹುಡುಗಿ ಕೇಕೆ ಹಾಕುತ್ತಿದ್ದಳು. ಎರಡೂ ಬದಿಗೆ ಜನ ಸಾಲುಗಟ್ಟಿದರು.

ಜೇವರ್ಗಿಯಿಂದ ಬಂದ ಬಸ್ಸು ಎದುರಾಯಿತು. ಚಾಲಕ ಒಂದು ಸಲ ಹಾರ್ನ್ ಬಾರಿಸಿದ. ಮರುಕ್ಷಣ ಬಸ್ಸನ್ನು ಬದಿಗೆ ತಂದು ಇಂಜಿನ್ನೇ ಆರಿಸಿಬಿಟ್ಟ. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿದರು. ಕಂಡಕ್ಟರು ಇಳಿದು ಬಂದು, ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ರಸ್ತೆ ಬದಿಗೆ ನಿಂತಿದ್ದ ಗಂಗಾಬಾಯಿಯನ್ನು ಕೇಳಿದ: "ಏನವ್ವಾ, ಇವತ್ತು ನಿಮ್ಮೂರಾಗ ಯಾವ ಹಬ್ಬ?"

"ಸೋಲಿನ ಹಬ್ಬರೀ," ಎಂದಳು ಗಂಗಾಬಾಯಿ, ಊರಿಗೇ ಕೇಳುವಂತೆ. ಕಂಡಕ್ಟರು ಅರ್ಥವಾಗದೆ ಅವಳ ಮುಖ ನೋಡಿದ. ಅಷ್ಟರಲ್ಲಿ ನಿಂಬೆವ್ವ ಬಸ್ಸನ್ನು ದಾಟಿ ಹೋಗಿದ್ದಳು. ಗಂಗಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗಳ ಹಿಂದೆ ನಗುತ್ತ ಓಡಿದಳು.