ಒಂದು ಮಾತು ಕೇಳಲು ಬೆಂಗಳೂರಿಗೆ

ಪತ್ರಕರ್ತನಾದ ನನಗೆ ಪ್ರಶ್ನೆ ಕೇಳುವುದೆಂದರೆ ಭಯ. ಇದನ್ನು ನಮ್ಮ ಸಂಪಾದಕರಿಗೆ ಹೇಳಿಬಿಡಬೇಡಿ, ಸಂಬಳ ಕೊಡುವವರಿಗೆ ಎಲ್ಲವೂ ಗೊತ್ತಿರಬೇಕೆಂದಿಲ್ಲ. ಕಾರವಾರದಲ್ಲಿ ಇಷ್ಟು ವರ್ಷ ಹೇಗೋ ನಡೆದುಹೋಯಿತು. ಬೈತಖೋಲ ಬಂದರಿನ ಮೀನು ಹರಾಜಿನಲ್ಲಿ ಹೋಗಿ ನಿಂತರೆ ಸಾಕು, ಯಾರನ್ನೂ ಏನೂ ಕೇಳಬೇಕಿಲ್ಲ. ದರವನ್ನೂ ಕೂಗಿ ಹೇಳುತ್ತಾರೆ, ಮನೆಜಗಳವನ್ನೂ ಕೂಗಿಯೇ ಹೇಳುತ್ತಾರೆ.

ತಪ್ಪು ನನ್ನದಲ್ಲ, ನಾನು ಬೆಳೆದ ಕೇಣಿ ಎಂಬ ಮೀನುಗಾರರ ಊರಿನದು. ದೋಣಿಗೆ ಹೊರಟವರನ್ನು "ಎಲ್ಲಿಗೆ?" ಎಂದರೆ ಅಲ್ಲಿ ಅಪಶಕುನ. ಚಿಕ್ಕಂದಿನಲ್ಲಿ ಹಾಗೆ ಕೇಳಿ ಹೆತ್ತ ಆಯಿಯಿಂದಲೇ ತಲೆಗೆ ಮೊಟಕಿಸಿಕೊಂಡಿದ್ದೇನೆ. ಕೇಳಲೇಬೇಕೆಂದರೆ "ದೂರ ಹೊರಟ್ರಾ?" ಎನ್ನಬೇಕು. ಮನಸ್ಸಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ನಕ್ಕು ಹೋಗುತ್ತಾರೆ. ಹಿರಿಯರಂತೂ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು, ಅವರು ಸುಧಾರಿಸಿಕೊಂಡ ಮೇಲಷ್ಟೇ ಊರು ಹೆಸರು ವಿಚಾರಿಸುತ್ತಿದ್ದರು. ಪತ್ರಿಕಾಗೋಷ್ಠಿಯಲ್ಲಿ ಬೆಲ್ಲ ಹಂಚುತ್ತ ಕೂರಲಾಗುತ್ತದೆಯೇ ಹೇಳಿ!

ಹೀಗಿರುವಾಗ ಸಂಪಾದಕರ ಫೋನ್ ಬಂತು. ಕರಾವಳಿಯ ಕಾಮಗಾರಿಗಳ ಬಗ್ಗೆ ಬೆಂಗಳೂರಿನಲ್ಲಿ ಮಂತ್ರಿಗಳ ಪತ್ರಿಕಾಗೋಷ್ಠಿ. "ಸಮುದ್ರ ಗೊತ್ತಿರುವವರು ನೀವೇ, ಹೋಗಿಬನ್ನಿ" ಎಂದರು. ಸುದ್ದಿ ನನಗಿಂತ ಮೊದಲು ಕೇಣಿ ಮುಟ್ಟಿತು. ಅಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳ ತಳ ತಾಗುತ್ತಿದೆ. ಹಾಗೆ ತಾಗಿದ ಹೊತ್ತಿಗೆ ದೊಡ್ಡ ಅಲೆ ಬಂದರೆ ದೋಣಿ ಮಗುಚಿತೆಂದೇ ಲೆಕ್ಕ. ನನ್ನ ಅಣ್ಣ ದಿನಾ ದಾಟುವುದು ಅದನ್ನೇ. ನಾನು ಹೊರಡುವ ದಿನ ಅತ್ತಿಗೆ ನನ್ನ ಬಸ್ಸು ಹಾದುಹೋಗುವ ಅಂಕೋಲೆ ಬಸ್‌ಸ್ಟ್ಯಾಂಡಿಗೇ ಬಂದುಬಿಟ್ಟಳು.

"ತಮಾ, ಹೂಳು ಯಾವಾಗ ತೆಗಿತ್ರು ಅಂತ ಒಂದ್ ಮಾತು ಕೇಳು. ಬೇರೆ ಎಂತದೂ ಬ್ಯಾಡ."

"ಕೇಳ್ತೆ ಅತ್ತಿಗೆ."

"ನೀ ಕೇಳೂದಿಲ್ಲ, ನಂಗೊತ್ತದೆ. ಆದ್ರೂ ಕೇಳು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಶ್ನೆಯನ್ನು ಉರು ಹೊಡೆದೆ. ಪಕ್ಕದ ಸೀಟಿನವರು ನಾನು ಸ್ತೋತ್ರ ಹೇಳುತ್ತಿದ್ದೇನೆಂದುಕೊಂಡು ಫೋನಿನ ಹಾಡು ನಿಲ್ಲಿಸಿದರು, ಪುಣ್ಯಾತ್ಮರು.

ಗೋಷ್ಠಿಯಲ್ಲಿ ನನ್ನ ಕೈ ಮೇಲೇಳುವಷ್ಟರಲ್ಲಿ ಇನ್ನೊಬ್ಬರ ಬಾಯಿ ಎದ್ದಿರುತ್ತಿತ್ತು. ಮೈಕು ಮುಂದಿನ ಸಾಲುಗಳಲ್ಲೇ ತಿರುಗಾಡಿತು. ಕೇಳದೆ ಹಿಂತಿರುಗಿದರೆ ಅತ್ತಿಗೆಗೆ ಯಾವ ಮುಖ ತೋರಿಸಲಿ? ನಾಳೆ ಅಣ್ಣನಿಗೆ ಏನಾದರೂ ಆದರೆ? ಅಷ್ಟರಲ್ಲಿ ಮಂತ್ರಿಗಳು ಎದ್ದೇಬಿಟ್ಟರು. ನಾನೂ ಎದ್ದೆ. ಉರು ಹೊಡೆದದ್ದೆಲ್ಲ ಹಾರಿಹೋಗಿ, ಬಾಯಿಂದ ಹೊರಟದ್ದು:

"ಸಾಹೇಬ್ರೇ, ದೂರ ಹೊರಟ್ರಾ?"

ಸಭೆ ಗೊಳ್ಳೆಂದು ನಕ್ಕಿತು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಕರಾವಳಿಯಲ್ಲೇ ಹುಟ್ಟಿ ಬೆಳೆದ ಮಂತ್ರಿಗಳು ತಾವೂ ನಕ್ಕು, ಮತ್ತೆ ಕುರ್ಚಿಯಲ್ಲಿ ಕೂತರು.

"ಈ ಮಾತು ಕೇಳಿ ಎಷ್ಟು ಕಾಲ ಆಯ್ತಪ್ಪಾ! ಯಾವ ಊರು ನಿಮ್ದು?"

"ಅಂಕೋಲೆ ಹತ್ರ ಕೇಣಿ ಸಾರ್. ನಮ್ಮ ಅಳಿವೆಯ ಹೂಳು ಯಾವಾಗ ತೆಗೆಸ್ತೀರಿ?"

"ಮಳೆಗಾಲ ಮುಗಿದ ಕೂಡಲೇ ಕೆಲಸ ಶುರು. ಬರ್ಕೊಳ್ಳಿ."

ಬರೆದುಕೊಂಡೆ. ವಾಪಸು ಬರುವಾಗ, ಹೂಳನ್ನೆಲ್ಲ ನಾನೇ ಬುಟ್ಟಿಯಲ್ಲಿ ಹೊತ್ತು ಹಾಕಿದವನಂತೆ ಮೈ ಹಗುರಾಗಿತ್ತು. ನೇರ ಕೇಣಿಗೇ ಹೋದೆ. ಅಣ್ಣ ಇನ್ನೂ ಸಮುದ್ರದಿಂದ ಬಂದಿರಲಿಲ್ಲ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಕೇಳ್ದ್ಯಾ?"

"ಕೇಳ್ದೆ! ಮಳೆಗಾಲ ಮುಗಿದ ಕೂಡ್ಲೆ ಅಂದ್ರು."

ಅವಳ ಮುಖ ಅರಳಿತು. ಚಹಾ ಕೊಟ್ಟಳು, ಶಂಕರಪೋಳಿ ಕೊಟ್ಟಳು, ಪಕ್ಕದ ಮನೆಯವರನ್ನು ಕರೆದು ನನ್ನನ್ನು ತೋರಿಸಿದಳು. ಅವರೆಲ್ಲ ಹೋದ ಮೇಲೆ ಅಳಿವೆಯ ಕಡೆ ತಿರುಗಿ ನೋಡಿದಳು.

"ಯಾವ ಮಳೆಗಾಲ ಅಂತ ಕೇಳ್ದ್ಯಾ, ತಮಾ?"

ಬಾಯಲ್ಲಿದ್ದ ಶಂಕರಪೋಳಿ ಅಲ್ಲೇ ಉಳಿಯಿತು. ಮೊದಲನೆಯ ಪ್ರಶ್ನೆಯನ್ನು ನನ್ನಂಥ ಪತ್ರಕರ್ತನೂ ಹೇಗೋ ಕೇಳಿಬಿಡಬಹುದು. ಎರಡನೆಯದು ಹೊಳೆಯುವುದು, ಗಂಡ ಇನ್ನೂ ದಡ ಸೇರದವಳಿಗೆ ಮಾತ್ರ.