ವೆಂಕಟರಾಯಪ್ಪನವರು ತಿರುಗಿ ಕೆಡಿಸಿ ನೋಡಿದ ಕಾರ್ಡು

ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ವೆಂಕಟರಾಯಪ್ಪನವರು ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಮಗ್ಗದ ಸದ್ದನ್ನು ಮೀರಿ ಹಾಡಬೇಕಿದ್ದ ಆ ಊರಿನ ರೇಡಿಯೊಗಳಲ್ಲಿ ಅವರ ಕೈ ದಾಟದೆ ಹೋದವು ಕಡಿಮೆ. ಕೆಟ್ಟದ್ದು ಸರಿಹೋದರೆ ಗಿರಾಕಿಗೆ ಸಾಕು. ಯಾಕೆ ಕೆಟ್ಟಿತು ಎಂಬುದು ತಿಳಿಯದಿದ್ದರೆ ಇವರಿಗೆ ಊಟ ಸೇರುತ್ತಿರಲಿಲ್ಲ.

೧೯೯೮ರಲ್ಲಿ ಅವರ ಅಂಗಡಿಯ ಮಹಡಿಯ ಮೇಲೆ ತಾಹಿರಾ ಎಂಬ ಹೆಣ್ಣುಮಗಳು ಕಂಪ್ಯೂಟರ್ ತರಗತಿ ತೆರೆದಳು. ಐದು ಕಂಪ್ಯೂಟರು, ಒಂದೇ ಟೆಲಿಫೋನ್ ಲೈನು. ಆ ಲೈನಿನಿಂದ ಐದಕ್ಕೂ ಇಂಟರ್‌ನೆಟ್ ಹಂಚಬೇಕು, ಹೊರಗಿನವರು ಮಾತ್ರ ಒಳಗೆ ನುಸುಳಬಾರದು. ಅದಕ್ಕೆ ಬಾಗಿಲಲ್ಲಿ ಕಾವಲಿಗೆ ಇನ್ನೊಂದು ಕಂಪ್ಯೂಟರು ಇಡುತ್ತಾರೆ, ಫೈರ್‌ವಾಲ್ ಅನ್ನುತ್ತಾರೆ ಎಂದು ಅವಳು ವಿವರಿಸಿದಳು. ವೆಂಕಟರಾಯಪ್ಪನವರಿಗೆ ಅಷ್ಟೇ ಬೇಕಿತ್ತು. ಗುಜರಿಗೆ ಹೊರಟಿದ್ದ ಹಳೆಯ ಕಂಪ್ಯೂಟರೊಂದನ್ನು ತಂದು ಮನೆಯ ಪಡಸಾಲೆಯಲ್ಲೇ ಬಿಚ್ಚಿ ಕೂತರು. ಟೆಲಿಫೋನಿಗೆ ಒಂದು ಮೋಡೆಮ್, ಒಳಗಿನ ಐದಕ್ಕೆ ಒಂದು ನೆಟ್‌ವರ್ಕ್ ಕಾರ್ಡು ಹಾಕಿದರು. ಸಾಫ್ಟ್‌ವೇರನ್ನು ತಾಹಿರಾ ತುಂಬಿಸಿದಳು.

ಮಹಡಿಗೆ ಹೊತ್ತುಕೊಂಡು ಹೋಗಿ ಚಾಲೂ ಮಾಡಿದರೆ ಎಲ್ಲ ಸರಿಯಾಗಿಯೇ ಇತ್ತು. ಮೋಡೆಮ್ ಡಯಲ್ ಮಾಡಿದ್ದೇ ತಡ, ನೆಟ್‌ವರ್ಕ್ ಕಾರ್ಡು ಮಾತು ನಿಲ್ಲಿಸಿತು. ಬೆಂಗಳೂರಿನಿಂದ ಅದೇ ಥರದ ಹೊಸ ಕಾರ್ಡು ತಂದು ಹಾಕಿದರು. ಅದೂ ಹಾಗೆಯೇ. ಕಾರ್ಡುಗಳೇ ಸತ್ತಿವೆ, ಬೇರೆ ಕಂಪನಿಯದು ತರೋಣ ಎಂದಳು ತಾಹಿರಾ.

"ಸತ್ತಿದ್ರೆ ಮೋಡೆಮ್ ಎದ್ದೇಳೋವರ್ಗೂ ಹೆಂಗಮ್ಮ ಉಸಿರಾಡ್ತಿತ್ತು?" ಎಂದರು ವೆಂಕಟರಾಯಪ್ಪನವರು.

ಮೋಡೆಮ್ ಕಿತ್ತಿಟ್ಟು ನೋಡಿದರು: ಕಾರ್ಡು ಇಡೀ ದಿನ ದುಡಿಯಿತು. ಕಾರ್ಡು ಕಿತ್ತಿಟ್ಟರೆ ಮೋಡೆಮ್ ಸಲೀಸು. ಹಾಗಾದರೆ ಎರಡೂ ಗಟ್ಟಿ, ಜೊತೆಗಿದ್ದರೆ ಮಾತ್ರ ಜಗಳ. ಕಂಪ್ಯೂಟರನ್ನು ಇವು ಕೂಗುವುದು ಹೇಗೆ ಎಂದು ತಾಹಿರಾಳನ್ನು ಕೇಳಿದರು. ಅವಳು ಕಾರ್ಡಿನ ಜೊತೆ ಬಂದಿದ್ದ ಹಾಳೆ ಓದಿ ಹೇಳಿದಳು: ಒಂದೊಂದಕ್ಕೂ ಕೂಗಲು ಒಂದೊಂದು ನಂಬರಿನ ದಾರಿಯಿದೆ, ಈ ಕಾರ್ಡಿನದು ಮೂರು. ಮೋಡೆಮಿನ ಹಾಳೆ ತಿರುವಿ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅಂಕಲ್, ಇದೂ ಮೂರೇ."

ಕಾರ್ಡಿನ ಮೇಲೆ ಸಾಲು ಸೂಜಿಗಳು, ಅವುಗಳಲ್ಲಿ ಎರಡಕ್ಕೆ ತೊಡಿಸಿದ್ದ ಪುಟಾಣಿ ಪ್ಲಾಸ್ಟಿಕ್ ಟೋಪಿ. ಭೂತಕನ್ನಡಿಯಲ್ಲಿ ಅಂಕಿಗಳನ್ನು ಓದಿಕೊಂಡು, ವೆಂಕಟರಾಯಪ್ಪನವರು ಚಿಮಟದಿಂದ ಆ ಟೋಪಿಯನ್ನು ಮೂರರಿಂದ ಕಿತ್ತು ಐದಕ್ಕೆ ತೊಡಿಸಿದರು. ಮೋಡೆಮ್ ಕೀಚಲು ದನಿಯಲ್ಲಿ ಕೂಗಿ ಲೈನು ಹಿಡಿಯಿತು. ಐದೂ ಪರದೆಗಳ ಮೇಲೆ ಪುಟಗಳು ನಿಧಾನವಾಗಿ ತೆರೆದುಕೊಂಡವು.

ತಾಹಿರಾ ಚಹಾ ತರಿಸಲು ಕೆಳಗಿಳಿದಳು. ಬರುವಷ್ಟರಲ್ಲಿ ಕಂಪ್ಯೂಟರು ಮತ್ತೆ ಬಿಚ್ಚಿಕೊಂಡು ಕೂತಿತ್ತು, ಟೋಪಿ ಮತ್ತೆ ಮೂರಕ್ಕೆ ಏರಿತ್ತು. ಅವಳು ಗಾಬರಿಯಾದಳು.

"ನಾನೇ ಕೆಡಿಸ್ದೆ ಕಣಮ್ಮ. ಕೆಡುತ್ತೋ ಇಲ್ವೋ ನೋಡ್ಬೇಕಲ್ಲ."

ಕೆಟ್ಟಿತು. ಅವರ ಮುಖ ಅರಳಿತು. ಚಹಾ ಕುಡಿದು, ಟೋಪಿಯನ್ನು ಐದಕ್ಕೆ ಹಾಕಿ, ಮುಚ್ಚಳಕ್ಕೆ ತಿರುಪು ಬಿಗಿದರು.

ಆ ಕಾವಲು ಕಂಪ್ಯೂಟರು ನಾಲ್ಕು ವರ್ಷ ದುಡಿಯಿತು. ಅದರೊಳಗಿನ ಸಾಫ್ಟ್‌ವೇರು ಯಾರನ್ನು ಹೇಗೆ ತಡೆಯುತ್ತದೆ ಎಂಬುದು ಮಾತ್ರ ವೆಂಕಟರಾಯಪ್ಪನವರನ್ನು ಕೊರೆಯುತ್ತಲೇ ಇತ್ತು. ಅದನ್ನು ಕೂರಿಸಿದ ಮರುತಿಂಗಳೇ ಅವರು ಮಂಗಳವಾರ ಮಂಗಳವಾರ ಅಂಗಡಿ ಮುಚ್ಚಿ, ಅರವತ್ತೊಂದನೆಯ ವಯಸ್ಸಿನಲ್ಲಿ, ತಾಹಿರಾಳ ತರಗತಿಯ ಮೊದಲ ಬೆಂಚಿನಲ್ಲಿ ಕೂರತೊಡಗಿದರು.