ತಲೆಯ ಮೇಲಿಟ್ಟ ಕೈ

ನಮ್ಮ ಕೊಂಢವಾ ಕ್ರೈಸ್ತ ಸಭೆಯ ಅಡುಗೆಯಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುವಾರ್ತಾ ಸೇವೆಗೆಂದು ಕಾತ್ರಜ ಘಾಟು ದಾಟಿ ಹಳ್ಳಿಯೊಂದಕ್ಕೆ ಹೋದಾಗ ಅವಳು ಬಂದಿದ್ದು ರೊಟ್ಟಿ ಬಡಿಯಲು. ಬೋಧಿಸಲು ಬಂದವನು ನಾನು. ಏನೇ ಹೇಳಿದರೂ ಸೆರಗಿಗೆ ಕೈ ಒರೆಸಿಕೊಂಡು, "ತಡೀರಿ, ನೋಡೂಣು" ಅನ್ನುತ್ತಿದ್ದಳು.

ಅಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳ ತಲೆಯ ಮೇಲೆ ಕೈಯಿಟ್ಟು ನಾನು ಮರಾಠಿಯಲ್ಲಿ ಅರ್ಧ ತಾಸು ಪ್ರಾರ್ಥಿಸಿದೆ. ಮುದುಕಿ ಗೋಡೆ ನೋಡುತ್ತಲೇ ಮಲಗಿದ್ದಳು. ನಾವೆಲ್ಲ ಹೊರಟಾಗ ಅಡುಗೆಯಕ್ಕ ಮಾತ್ರ "ತಡೀರಿ, ನೋಡೂಣು" ಎಂದು ಅಲ್ಲೇ ಉಳಿದಳು.

ಮರುದಿನ ಹೋದರೆ ಮುದುಕಿ ಎದ್ದು ಕೂತಿದ್ದಾಳೆ! ನನ್ನ ಪ್ರಾರ್ಥನೆ ಫಲಿಸಿತೆಂದು ಹಿಗ್ಗಿದೆ. ಅವಳೋ ನನ್ನ ಬೆನ್ನ ಹಿಂದೆ ಇಣುಕಿ, ಅಡುಗೆಯಕ್ಕ ಬರಲಿಲ್ಲವೇ ಎಂದು ಕೇಳಿದಳು.

ವಾಪಸು ಬರುವಾಗ ಜೀಪಿನಲ್ಲಿ ತಡೆಯಲಾಗಲಿಲ್ಲ. "ಅಕ್ಕಾ, ನೀವು ಏನಂತ ಪ್ರಾರ್ಥನಾ ಮಾಡಿದ್ರಿ?"

"ಪ್ರಾರ್ಥನಾ ಎಲ್ಲೀದ್ರಿ ಅಣ್ಣಾರ? ಎಣ್ಣಿ ಹಚ್ಚಿ ತಲಿ ಹಿಕ್ಕಿದೆ. ಕೂದಲಾ ಭಾಳ ಗಂಟಾಗಿತ್ತು. ನೀವು ಅಷ್ಟೊತ್ತು ಕೈ ಇಟ್ಟಿದ್ರಿ, ಕೈಗೆ ಹತ್ತಲಿಲ್ಲೇನ್ರಿ?" ಎಂದು ಒಂದು ರೊಟ್ಟಿ ಮುಂದೆ ಹಿಡಿದಳು. ಹಸಿವಿಲ್ಲವೆಂದೆ.

ಈಗಲೂ ಯಾರದಾದರೂ ತಲೆಯ ಮೇಲೆ ಕೈಯಿಡುವ ಮುನ್ನ, ಅವಳು ಆಸುಪಾಸಿನಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಆಮೇಲೆ ಬೆರಳಿನಿಂದ ಮೆಲ್ಲಗೆ ಗಂಟು ಹುಡುಕುತ್ತೇನೆ.